ಹೆಣ್ಣುಮಕ್ಕಳು ಹೋದ ಮನೆಯಲ್ಲಿ ಹುಡುಕಿ

ಇಂಗ್ಲೆಂಡಿನ ಹಳೆಯ ಮನೆತನಗಳ ಕಾಗದಪತ್ರ ಹುಡುಕುವವರು ನನ್ನನ್ನು ಮೊದಲು ಕೇಳುವುದು, ‘ಈ ಹೆಸರಿನವರ ಕಡತ ಎಲ್ಲಿದೆ?’ ಅಂತ. ಹೆಸರು ಪಕ್ಕಕ್ಕಿಡಿ, ಆ ಮನೆಯ ಹೆಣ್ಣುಮಕ್ಕಳನ್ನು ಯಾರಿಗೆ ಕೊಟ್ಟರು ನೋಡಿ ಅನ್ನುತ್ತೇನೆ. ಅಲ್ಲಿ ಜಮೀನ್ದಾರರೂ ಪಾದ್ರಿಗಳೂ ತಮ್ಮತಮ್ಮಲ್ಲೇ ಕೊಟ್ಟು ತಂದುಕೊಳ್ಳುತ್ತಿದ್ದರು. ಆಸ್ತಿ ಹೋದ ಕಡೆ ಕಾಗದವೂ ಹೋಗುತ್ತಿತ್ತು.

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಮನೆಯನ್ನೇ ತಗೊಳ್ಳಿ. ಅಪ್ಪ ಜಾರ್ಜ್, ಹ್ಯಾಂಪ್‌ಷೈರಿನ ಸ್ಟೀವೆಂಟನ್ ಊರಿನ ಪಾದ್ರಿ. ಅಣ್ಣ ಎಡ್ವರ್ಡ್‌ನನ್ನು ಮಕ್ಕಳಿಲ್ಲದ ಶ್ರೀಮಂತ ನೆಂಟರು, ನೈಟ್ ದಂಪತಿ, ದತ್ತು ತೆಗೆದುಕೊಂಡರು. 1812ರಲ್ಲಿ ಅವನ ಮನೆತನದ ಹೆಸರೂ ನೈಟ್ ಆಯಿತು. ಅವನ ಮಗಳು ಫ್ಯಾನಿ 1820ರಲ್ಲಿ ಕೆಂಟ್‌ನ ಸರ್ ಎಡ್ವರ್ಡ್ ನ್ಯಾಚ್‌ಬುಲ್‌ಗೆ ಎರಡನೇ ಹೆಂಡತಿಯಾಗಿ ಹೋದಳು. ಆರು ವರ್ಷಕ್ಕೆ ಅವಳ ತಮ್ಮ, ಅದೇ ನ್ಯಾಚ್‌ಬುಲ್‌ನ ಮೊದಲ ಹೆಂಡತಿಯ ಮಗಳ ಜೊತೆ ಓಡಿಹೋಗಿ ಮದುವೆಯಾದ. ಫ್ಯಾನಿಗೆ ಮಲಮಗಳೇ ತಮ್ಮನ ಹೆಂಡತಿ! ಇಂಥ ವಂಶವೃಕ್ಷ ಬರೆಯಲು ಪೆನ್ಸಿಲ್ಲೇ ಬೇಕು, ರಬ್ಬರೂ ಬೇಕು. ಫ್ಯಾನಿಯ ಡೈರಿಗಳು ಇಂದು ಕೆಂಟ್‌ನ ದಾಖಲೆ ಸಂಗ್ರಹದಲ್ಲಿ, ನ್ಯಾಚ್‌ಬುಲ್ ಕಾಗದಗಳ ನಡುವೆ ಇವೆ. ಜೇನ್ ಬರೆದ ಪತ್ರಗಳ ದೊಡ್ಡ ಕಟ್ಟು ಉಳಿದಿದ್ದೂ ಫ್ಯಾನಿಯ ಬಳಿಯೇ. ಮಗ ಲಾರ್ಡ್ ಬ್ರೇಬೋರ್ನ್ 1884ರಲ್ಲಿ ಅವನ್ನು ಅಚ್ಚು ಹಾಕಿಸಿದ. ಬರೀ ‘ಆಸ್ಟಿನ್’ ಅಂತ ಹುಡುಕಿದ್ದರೆ ಇವೆಲ್ಲ ಕೈಗೆ ಸಿಗುತ್ತಿತ್ತಾ?

ಅಲ್ಲಿನ ಸಂಬಂಧದ ಲೆಕ್ಕವೂ ನಮ್ಮದಲ್ಲ. ಸೋದರಮಾವನನ್ನು ಮದುವೆಯಾಗುವಂತಿಲ್ಲ. ಚಿಕ್ಕಪ್ಪನ ಮಗಳನ್ನು ಮಾತ್ರ ಧಾರಾಳವಾಗಿ ಆಗಬಹುದು! ಜೇನ್‌ಳ ಅಣ್ಣ ಹೆನ್ರಿ 1797ರಲ್ಲಿ ಸೋದರತ್ತೆಯ ಮಗಳು ಎಲೈಜಾಳನ್ನು ಮದುವೆಯಾದ. ಆಕೆ ಹುಟ್ಟಿದ್ದು ಕಲ್ಕತ್ತಾದಲ್ಲಿ. ತಮ್ಮ ಚಾರ್ಲ್ಸ್, ಹೆಂಡತಿ ತೀರಿಕೊಂಡ ಮೇಲೆ 1820ರಲ್ಲಿ ಅವಳ ಅಕ್ಕನನ್ನೇ ಕೈಹಿಡಿದ. ಚರ್ಚ್ ಇದನ್ನು ಒಪ್ಪುತ್ತಿರಲಿಲ್ಲ. 1835ರ ಕಾನೂನು ಬಂದ ಮೇಲಂತೂ ಇಂಥ ಹೊಸ ಮದುವೆಗಳು ಅಸಿಂಧು. ಅದು ಸಡಿಲವಾಗಿದ್ದು 1907ರಲ್ಲಿ. ಆದ್ದರಿಂದ ವರ್ಷ ನೋಡದೆ ‘ಮದುವೆ ಊರ್ಜಿತ’ ಎಂದು ಬರೆಯಬೇಡಿ.

ಆಗ ಪಾದ್ರಿ ಹುದ್ದೆಯೂ ಒಂದು ಆಸ್ತಿಯೇ. ಊರಿನ ಬೆಳೆಯ ಹತ್ತನೇ ಒಂದು ಪಾಲು ಅವರ ವರಮಾನ. ನೇಮಿಸುವ ಹಕ್ಕನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು. ಸ್ಟೀವೆಂಟನ್‌ನಲ್ಲಿ ಆ ಹಕ್ಕು ನೈಟ್ ಮನೆಯದು. ಜಾರ್ಜ್ ಆದ ಮೇಲೆ ಹಿರಿಮಗ ಜೇಮ್ಸ್ ಬಂದ. ಅವನು ಸತ್ತ ಮೇಲೆ ಹೆನ್ರಿ ಸ್ವಲ್ಪ ಕಾಲ ಕೂತ, ಎಡ್ವರ್ಡ್‌ನ ಮಗ ವಿಲಿಯಂ ತಯಾರಾಗುವ ತನಕ. ಹಾಗಾಗಿ ನೇಮಕದ ಪತ್ರ ಸಿಕ್ಕರೆ ನೆಂಟಸ್ತನದ ಸುಳಿವೂ ಸಿಕ್ಕಂತೆ.

ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವುದು ಮದುವೆಯ ಆಸ್ತಿ ಒಪ್ಪಂದದ ಪತ್ರ. ಮದುವೆಯಾದ ಹೆಂಗಸರ ಆಸ್ತಿಯ ಬಗೆಗಿನ 1882ರ ಕಾನೂನಿಗೆ ಮುಂಚೆ ಹೆಂಡತಿಯ ಹಣ ಸಾಮಾನ್ಯವಾಗಿ ಗಂಡನ ಕೈ ಸೇರುತ್ತಿತ್ತು. ಅದಕ್ಕೇ ಮೊದಲೇ ಬರೆಸಿಕೊಳ್ಳುತ್ತಿದ್ದರು. ಉಸ್ತುವಾರಿಗೆ ನಿಲ್ಲುವವರು ಹೆಚ್ಚಾಗಿ ಅಣ್ಣನೋ, ಚಿಕ್ಕಪ್ಪನೋ, ನೆಂಟ ಪಾದ್ರಿಯೋ. ಮೂರು ಮನೆತನದ ಹೆಸರು ಒಂದೇ ಹಾಳೆಯಲ್ಲಿ ಸಿಗುತ್ತದೆ.

ಚರ್ಚಿನ ಮದುವೆ ರಿಜಿಸ್ಟರ್? ನೋಡಿ, ಆದರೆ ಮೂಲ ಪುಟವನ್ನೇ ನೋಡಿ. ಸ್ಟೀವೆಂಟನ್ ರಿಜಿಸ್ಟರಿನ ಮಾದರಿ ಪುಟದಲ್ಲಿ ಹುಡುಗಿ ಜೇನ್ ತಮಾಷೆಗೆ ತನಗೆ ತಾನೇ ಮೂವರು ಗಂಡುಗಳನ್ನು ಗೊತ್ತುಮಾಡಿಕೊಂಡಿದ್ದಾಳೆ.