ಸನ್‌ಸ್ಕ್ರೀನ್ ಹಚ್ಚಿದ್ದರೂ ಗೋಕರ್ಣದಲ್ಲಿ ಮೈ ಸುಟ್ಟಿದ್ದು ಯಾಕೆ? ಈ ಸಲ ಬ್ಯಾಗಲ್ಲಿ ಏನಿರಬೇಕು?

ಪ್ರಶ್ನೆ: "ಹೋದ ವರ್ಷ ಮನೆಯವರೆಲ್ಲ ಗೋಕರ್ಣಕ್ಕೆ ಹೋಗಿದ್ದೆವು. ಎಲ್ಲರೂ ಸನ್‌ಸ್ಕ್ರೀನ್ ಹಚ್ಚಿಕೊಂಡೇ ನೀರಿಗೆ ಇಳಿದಿದ್ದು. ಆದರೂ ರಾತ್ರಿ ಹೊತ್ತಿಗೆ ಭುಜ, ಬೆನ್ನು ಉರಿಯೋಕೆ ಶುರುವಾಯಿತು. ಮಕ್ಕಳಿಗೆ ಅಂಗಿ ಹಾಕೋಕೂ ಆಗಲಿಲ್ಲ. ಡಿಸೆಂಬರ್ ರಜೆಗೆ ಮತ್ತೆ ಮೂರು ದಿನ ಹೋಗ್ತಿದ್ದೇವೆ, ನಾಲ್ಕು ಜನ. ಏನು ತಪ್ಪಾಯಿತು? ಈ ಸಲ ಏನೇನು ತಗೊಂಡು ಹೋಗಬೇಕು?"

ಮೊದಲು ಒಂದು ಮಾತು ಕೇಳುತ್ತೇನೆ. ನಾಲ್ಕು ಜನಕ್ಕೆ, ಮೂರು ದಿನಕ್ಕೆ ಎಷ್ಟು ಸನ್‌ಸ್ಕ್ರೀನ್ ಒಯ್ದಿದ್ದಿರಿ? 50 ಗ್ರಾಂನ ಒಂದು ಟ್ಯೂಬ್ ತಾನೆ? ವಾಪಸ್ ಬಂದಾಗ ಅದರಲ್ಲಿ ಇನ್ನೂ ಸ್ವಲ್ಪ ಉಳಿದೂ ಇತ್ತು, ಅಲ್ವಾ? ಹಾಗಿದ್ದರೆ ತಪ್ಪು ಅಲ್ಲೇ ಇದೆ.

ಟ್ಯೂಬಿನ ಮೇಲೆ ಎಸ್‌ಪಿಎಫ್ 30, ಎಸ್‌ಪಿಎಫ್ 50 ಅಂತ ಇರುತ್ತದಲ್ಲ, ಸುಡುವ ಬಿಸಿಲನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಆ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ದಪ್ಪಗೆ ಹಚ್ಚಿರುತ್ತಾರೆ. ನಾವು ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ಹಾಗಾಗಿ 50 ಅಂತ ನಂಬಿಕೊಂಡು ಹಚ್ಚಿದ್ದು ಮೈಮೇಲೆ 50 ಆಗಿ ಕೆಲಸ ಮಾಡುವುದೇ ಇಲ್ಲ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಸುಮಾರು 98 ಭಾಗ. ವ್ಯತ್ಯಾಸ ಅಷ್ಟೇ. ಅದಕ್ಕೇ ನಾನು ಹೇಳುವುದು, ದುಬಾರಿ 50ರ ಚಿಕ್ಕ ಟ್ಯೂಬಿಗಿಂತ 30ರ ದೊಡ್ಡ ಬಾಟಲಿ ತಗೊಳ್ಳಿ, ಕೈ ಬಿಗಿ ಹಿಡಿಯದೆ ಹಚ್ಚಿ. ಪಿಎ+++ ಅಂತ ಇದೆಯಾ ಅಂತಲೂ ನೋಡಿಕೊಳ್ಳಿ. ಅದು ಚರ್ಮವನ್ನು ಕಪ್ಪಾಗಿಸುವ, ಒಳಗೆ ಇಳಿಯುವ ಕಿರಣಗಳಿಗೆ.

ಎಷ್ಟು ಹಚ್ಚಬೇಕು? ಮುಖ, ಕಿವಿ, ಕತ್ತಿಗೆ ಒಂದು ಟೀ ಚಮಚ. ಇಡೀ ಮೈಗಾದರೆ ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಅಂದರೆ ನಿಮ್ಮ ಟ್ಯೂಬ್ ಒಬ್ಬರಿಗೆ ಎರಡು ಸಲಕ್ಕೂ ಸಾಲದು. ಬಿಸಿಲಿಗೆ ಹೋಗುವ 15–20 ನಿಮಿಷ ಮೊದಲು ರೂಮಿನಲ್ಲೇ ಹಚ್ಚಿಕೊಳ್ಳಿ. ಆಮೇಲೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನೀರಿಂದ ಎದ್ದು ಟವಲಿನಲ್ಲಿ ಒರೆಸಿಕೊಂಡರಂತೂ ಗಂಟೆ ನೋಡಬೇಡಿ, ಆಗಲೇ ಹಚ್ಚಿ. "ವಾಟರ್ ರೆಸಿಸ್ಟೆಂಟ್" ಅಂತ ಬರೆದಿದ್ದರೂ ಅದು ನೀರಿನಲ್ಲಿ ನಿಲ್ಲುವುದು 40 ನಿಮಿಷವೋ 80 ನಿಮಿಷವೋ, ದಿನವಿಡೀ ಅಲ್ಲ.

ನನಗೂ ಇದು ಪೆಟ್ಟು ತಿಂದೇ ಗೊತ್ತಾಗಿದ್ದು. ಮೊದಲ ಸಲ ಓಂ ಬೀಚಿಗೆ ಹೋದಾಗ ಮುಖ, ಕೈಗೆ ಚೆನ್ನಾಗಿ ಹಚ್ಚಿಕೊಂಡಿದ್ದೆ. ಪಾದ ನೆನಪಾಗಲೇ ಇಲ್ಲ. ಮೂರು ದಿನ ಚಪ್ಪಲಿ ಪಟ್ಟಿ ತಾಗಿದರೂ ಜೀವ ಹೋದ ಹಾಗಾಗುತ್ತಿತ್ತು. ಪಾದದ ಮೇಲ್ಭಾಗ, ಕಿವಿಯ ತುದಿ, ಕತ್ತಿನ ಹಿಂದೆ, ಬೈತಲೆ, ತುಟಿ, ಮೊಣಕಾಲಿನ ಹಿಂದೆ. ಇವಿಷ್ಟನ್ನು ಎಲ್ಲರೂ ಮರೆಯುತ್ತಾರೆ. ಮನೆಯವರು ಒಬ್ಬರಿಗೊಬ್ಬರು ಹಚ್ಚಿಕೊಟ್ಟರೆ ಬೆನ್ನೂ ತಪ್ಪುವುದಿಲ್ಲ.

ಹೀಗೆ ಲೆಕ್ಕ ಹಾಕಿದರೆ ಲೀಟರುಗಟ್ಟಲೆ ಬೇಕಾಗುತ್ತದಲ್ಲ ಅಂತ ನೀವು ಕೇಳಬಹುದು. ಹೌದು, ಅದಕ್ಕೇ ಬಟ್ಟೆ ಬೇಕು. ಈಜುವಾಗ ಹಾಕುವ ಉದ್ದ ತೋಳಿನ ಸಿಂಥೆಟಿಕ್ ಟೀಶರ್ಟ್ ನಾಲ್ಕೂ ಜನಕ್ಕೆ ಒಂದೊಂದು, ಜೊತೆಗೆ ಲೆಗ್ಗಿಂಗ್ಸ್ ಅಥವಾ ಮೊಣಕಾಲು ಮುಚ್ಚುವ ಚಡ್ಡಿ. ಆಗ ಕ್ರೀಮ್ ಬೇಕಾಗುವುದು ಮುಖ, ಕತ್ತು, ಕೈ, ಪಾದಕ್ಕೆ ಮಾತ್ರ. ಲೀಟರುಗಟ್ಟಲೆ ಬೇಕಾಗುವುದಿಲ್ಲ. ತೆಳು ಬಿಳಿ ಕಾಟನ್ ಬನಿಯನ್ ಹಾಕಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಒದ್ದೆಯಾದರೆ ಅದರಿಂದ ಬಿಸಿಲು ಸಲೀಸಾಗಿ ಒಳಗೆ ಇಳಿಯುತ್ತದೆ. ಬಣ್ಣವೂ ಮುಖ್ಯ. ನೀಲಿ ಈಜುಡುಗೆ ನೀರಿನೊಳಗೆ ಕಾಣುವುದೇ ಇಲ್ಲ. ಮಕ್ಕಳಿಗೆ ಕಣ್ಣು ಕುಕ್ಕುವ ಕಿತ್ತಳೆ, ಕೆಂಪು ತಗೊಳ್ಳಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹುಡುಗಿಯರು ಸಮುದ್ರದ ಪಾಲಾದರು. ಬಟ್ಟೆಯ ಬಣ್ಣ ಅಲೆಯನ್ನು ತಡೆಯುವುದಿಲ್ಲ, ನಿಜ. ಆದರೆ ಮಗು ಎಲ್ಲಿದೆ ಅಂತ ದಡದಲ್ಲಿರುವ ನಿಮಗೂ, ಜೀವರಕ್ಷಕರಿಗೂ ಒಂದೇ ನೋಟಕ್ಕೆ ಕಾಣಬೇಕು. ಅವರು ಇಳಿಯಬೇಡಿ ಅಂದ ಕಡೆ ಮೊಣಕಾಲು ನೀರಿಗೂ ಇಳಿಯಬೇಡಿ.

ಡಿಸೆಂಬರ್ ಅಲ್ವಾ, ಬಿಸಿಲು ಕಡಿಮೆ ಅಂದುಕೊಳ್ಳಬೇಡಿ. ಗಾಳಿ ತಂಪಾಗಿರುತ್ತದೆ, ಹಾಗಾಗಿ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಒಣ ಮರಳು ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ ಸುಮಾರು 15 ಭಾಗ, ಅಲೆಯ ನೊರೆ ಸುಮಾರು 25 ಭಾಗ ನಮ್ಮ ಕಡೆಗೇ ತಿರುಗಿಸುತ್ತವೆ. ಛತ್ರಿ ಕೆಳಗೆ ಕೂತವರೂ ಕಪ್ಪಾಗುವುದು ಅದಕ್ಕೇ. ಗಡಿಯಾರ ಬೇಡ, ನಿಮ್ಮ ನೆರಳು ನೋಡಿ. ಅದು ನಿಮಗಿಂತ ಗಿಡ್ಡ ಇದ್ದರೆ ಒಳಗೆ ಹೋಗಿ ಊಟ ಮಾಡಿ, ಮಲಗಿ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಬೆಟ್ಟ ಪೂರ್ವಕ್ಕಿದೆ, ಕಡಲು ಪಶ್ಚಿಮಕ್ಕೆ. ಬೆಳಗ್ಗೆ ಬಿಸಿಲು ದಡಕ್ಕೆ ತಡವಾಗಿ ಬರುತ್ತದೆ. ಮಕ್ಕಳು ಆಡೋಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ.

ಇನ್ನು ಬ್ಯಾಗಿನ ವಿಷಯ. ಜೀನ್ಸ್ ಬಿಟ್ಟುಬಿಡಿ, ಒದ್ದೆಯಾದರೆ ಮೂರು ದಿನಕ್ಕೂ ಒಣಗುವುದಿಲ್ಲ. ದಪ್ಪ ಟರ್ಕಿ ಟವಲೂ ಬೇಡ, ಅರ್ಧ ಮರಳು ಅದರಲ್ಲೇ ಊರಿಗೆ ಬರುತ್ತದೆ. ಬದಲಿಗೆ ತೆಳು ಕಾಟನ್ ಟವಲ್ ನಾಲ್ಕು, ಪಂಚೆ ಎರಡು. ದಕ್ಷಿಣ ಕನ್ನಡದಲ್ಲಿ ಬೈರಾಸ ಅನ್ನುತ್ತಾರಲ್ಲ, ಅದಾದರೆ ಇನ್ನೂ ಒಳ್ಳೆಯದು. ಕೊಡವಿದರೆ ಮರಳು ಉದುರುತ್ತದೆ, ಸ್ವಲ್ಪ ಹೊತ್ತಲ್ಲೇ ಒಣಗುತ್ತದೆ. ಪಂಚೆಯಂತೂ ಹಾಸೋಕೆ, ಹೊದೆಯೋಕೆ, ಬಟ್ಟೆ ಬದಲಿಸುವಾಗ ಅಡ್ಡ ಹಿಡಿಯೋಕೆ, ಎಲ್ಲಕ್ಕೂ ಆಗುತ್ತದೆ. ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್ ಕಡೆಗೆ ಗುಡ್ಡದ ಕಾಲುದಾರಿ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು.

ಟಾಲ್ಕಂ ಪೌಡರ್ ಒಂದು ಡಬ್ಬಿ ಇಟ್ಟುಕೊಳ್ಳಿ. ಕಾಲಿಗೆ ಅಂಟಿದ ಮರಳಿನ ಮೇಲೆ ಉದುರಿಸಿ ಒರೆಸಿದರೆ ಸುಲಭವಾಗಿ ಬಿಟ್ಟುಹೋಗುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಇರಲಿ. ಒದ್ದೆ ಬಟ್ಟೆಯಲ್ಲಿ ನಡೆದು ತೊಡೆ ಉಜ್ಜಿ ಹುಣ್ಣಾಗುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಆಗುತ್ತದೆ. ಮೊದಲೇ ಸವರಿಕೊಂಡರೆ ಆಗುವುದಿಲ್ಲ. ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸಿಹಿನೀರಿನಲ್ಲಿ ಒದ್ದೆ ಮಾಡಿ, ಜಡೆ ಹಾಕಿಕೊಂಡು ಇಳಿಯಿರಿ, ಉಪ್ಪುನೀರು ಜಾಸ್ತಿ ಎಳೆದುಕೊಳ್ಳುವುದಿಲ್ಲ. ಆದರೆ ಅದೇ ಎಣ್ಣೆಯನ್ನು ಬಿಸಿಲಿಗೆ ಅಂತ ಮೈಗೆ ಹಚ್ಚಬೇಡಿ, ಸನ್‌ಸ್ಕ್ರೀನಿನ ಕೆಲಸ ಅದು ಮಾಡುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕಡಲಿಗೆ ಇಳಿಯಬೇಡಿ. ಉಂಗುರ, ಸರ ಮನೆಯಲ್ಲೇ ಇರಲಿ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರಿದರೆ ಮತ್ತೆ ಸಿಗುವುದಿಲ್ಲ.

ಮುಟ್ಟಿನ ದಿನ ಬಂದರೆ ಏನು ಮಾಡೋದು ಅಂತ ತುಂಬ ಜನ ಮನಸ್ಸಲ್ಲೇ ಇಟ್ಟುಕೊಂಡು ದಡದಲ್ಲೇ ಕೂತುಬಿಡುತ್ತಾರೆ. ಪ್ಯಾಡ್ ಹಾಕಿ ನೀರಿಗೆ ಇಳಿಯಲು ಆಗುವುದಿಲ್ಲ, ಅದು ಕಡಲ ನೀರನ್ನೇ ಹೀರಿಕೊಳ್ಳುತ್ತದೆ. ಒಳಗೆ ಇಟ್ಟುಕೊಳ್ಳುವ ಮುಟ್ಟಿನ ಕಪ್ ಅಥವಾ ಟ್ಯಾಂಪೂನ್ ಇದ್ದರೆ ಆರಾಮಾಗಿ ಆಡಬಹುದು. ಆದರೆ ಕಪ್ ಅನ್ನು ಮೊದಲ ಸಲ ಪ್ರವಾಸದಲ್ಲೇ ಪ್ರಯತ್ನಿಸಬೇಡಿ. ಒಂದೆರಡು ತಿಂಗಳು ಮನೆಯಲ್ಲಿ ರೂಢಿ ಮಾಡಿಕೊಳ್ಳಿ.

ಔಷಧಿ ಜಾಸ್ತಿ ಬೇಡ. ಓಆರ್‌ಎಸ್ ನಾಲ್ಕೈದು ಪೊಟ್ಟಣ, ಬ್ಯಾಂಡೇಜ್, ಜ್ವರದ ಮಾತ್ರೆ, ಅಲೋವೆರಾ ಜೆಲ್, ಮನೆಯವರು ದಿನಾ ತಗೊಳ್ಳುವ ಮಾತ್ರೆ. ಅಲ್ಲಿ ಎಳನೀರು, ಮುರುಗಲು ಶರಬತ್ತು ಸಿಗುತ್ತದೆ, ಚೆನ್ನಾಗಿ ಕುಡಿಯಿರಿ. ನಿಂಬೆ ಶರಬತ್ತು ಮಾಡಿದರೆ ಮಾತ್ರ ಕೈ ಸೋಪಿನಲ್ಲಿ ತೊಳೆದೇ ಬಿಸಿಲಿಗೆ ಬನ್ನಿ. ನಿಂಬೆರಸ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಗುಳ್ಳೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಕಪ್ಪಾಗಿದ್ದಕ್ಕೆ ನಿಂಬೆಹಣ್ಣು ಉಜ್ಜುವ ಮನೆಮದ್ದು ಕಂಡರೆ ನನಗೆ ಭಯ ಆಗುವುದು ಇದಕ್ಕೇ.

ಇಷ್ಟಾಗಿಯೂ ಸುಟ್ಟರೆ ತಣ್ಣೀರಿನ ಸ್ನಾನ, ಒದ್ದೆ ಬಟ್ಟೆ, ಆಮೇಲೆ ಅಲೋವೆರಾ. ಟೂತ್‌ಪೇಸ್ಟ್ ಬೇಡ, ಸ್ಕ್ರಬ್ ಬೇಡ. ಗುಳ್ಳೆ ಎದ್ದರೆ ಒಡೆಯಬೇಡಿ. ಗುಳ್ಳೆ ಜಾಸ್ತಿ ಇದ್ದು ಜ್ವರ, ವಾಂತಿಯೂ ಬಂದರೆ, ಅದೂ ಮಕ್ಕಳಿಗಾದರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಕೊನೆಗೆ, ಮಹಾಬಲೇಶ್ವರನ ದರ್ಶನವನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿ ಗಂಡಸರು ಅಂಗಿ ಬಿಚ್ಚಿ ಪಂಚೆ ಉಟ್ಟು ಒಳಗೆ ಹೋಗಬೇಕು. ರಜೆಯಲ್ಲಿ ಸಾಲು ಉದ್ದ ಇರುತ್ತದೆ. ಸುಟ್ಟ ಬೆನ್ನಿಗೆ ಹಿಂದಿನವರ ಮೈ ತಾಗುತ್ತಾ ನಿಲ್ಲುವುದು ಬಹಳ ಕಷ್ಟ. ಬೆಂಗಳೂರಿನಿಂದ ಬರುವುದಾದರೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಳಗ್ಗೆ ಬಂದು ಇಳಿದು, ಸ್ನಾನ ಮುಗಿಸಿ, ಆ ಎರಡು ಪಂಚೆಯಲ್ಲಿ ಒಂದನ್ನು ಉಟ್ಟು ಮೊದಲು ದೇವಸ್ಥಾನಕ್ಕೆ ಹೋಗಿಬನ್ನಿ. ಬಿಸಿಲು ಇಳಿದ ಮೇಲೆ ಕಡಲಿಗೆ ಹೋದರಾಯಿತು.