ಆಲ್ಫಾಫೋಲ್ಡ್ ಬಂದ ಮೇಲೆ ಪ್ರೋಟೀನ್‌ಗಳ ಬಗ್ಗೆ ಪಿಎಚ್.ಡಿ. ಮಾಡಲು ಏನು ಉಳಿದಿದೆ?

ಪ್ರಶ್ನೆ: ಮಾಲಿಕ್ಯುಲರ್ ಬಯಾಲಜಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಪ್ರೋಟೀನ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಪಿಎಚ್.ಡಿ. ಮಾಡುವ ಆಸೆಯಿದೆ. ಆದರೆ ಪ್ರೋಟೀನ್ ರಚನೆಯ ಸಮಸ್ಯೆಯನ್ನು ಕೃತಕ ಬುದ್ಧಿಮತ್ತೆ ಬಗೆಹರಿಸಿಬಿಟ್ಟಿದೆ, ಇನ್ನು ಆ ಕಡೆ ಹೋಗಬೇಡ ಎಂದು ಹಿರಿಯರೊಬ್ಬರು ಹೇಳಿದರು. ನನಗೆ ಪ್ರೋಗ್ರಾಮಿಂಗ್ ಕೂಡ ಅಷ್ಟಾಗಿ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಮೊದಲೇ ಒಪ್ಪಿಕೊಂಡುಬಿಡೋಣ.

ಪ್ರೋಟೀನ್ ಹೇಗೆ ಮಡಚಿಕೊಳ್ಳಬೇಕು ಎಂಬ ಸೂಚನೆ ಅದರ ಅಮೈನೋ ಆಮ್ಲಗಳ ಸರಣಿಯಲ್ಲೇ ಇದೆ ಎಂದು ಕ್ರಿಶ್ಚಿಯನ್ ಆನ್ಫಿನ್ಸೆನ್ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಬಿಡಿಸಿ, ಮತ್ತೆ ಮಡಚಿಸಿ ತೋರಿಸಿದರು. 1972ರಲ್ಲಿ ಅವರಿಗೆ ನೊಬೆಲ್ ಬಂತು. ಸೂಚನೆ ಅಲ್ಲಿದೆ ಎಂಬುದು ತಿಳಿಯಿತೇ ಹೊರತು ಅದನ್ನು ಓದಲು ಯಾರಿಗೂ ಬರಲಿಲ್ಲ. ಪ್ರಯೋಗದಿಂದ ಪತ್ತೆಯಾಗಿದ್ದರೂ ಇನ್ನೂ ಪ್ರಕಟವಾಗದ ರಚನೆಗಳನ್ನು ಮೊದಲೇ ಊಹಿಸುವ ಕ್ಯಾಸ್ಪ್ ಸ್ಪರ್ಧೆ 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. 2020ರ ಸುತ್ತಿನಲ್ಲಿ, ಸರಣಿಯಿಂದ ರಚನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆ ಆಲ್ಫಾಫೋಲ್ಡ್‌ನ ಎರಡನೆಯ ಆವೃತ್ತಿ ಉಳಿದವರೆಲ್ಲರನ್ನೂ ಬಹುದೂರ ಹಿಂದಿಕ್ಕಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹಿತ ರಚನೆಗಳು ಯಾರು ಬೇಕಾದರೂ ನೋಡಬಹುದಾದಂತೆ ಉಚಿತವಾಗಿ ಸಿಕ್ಕವು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಇದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. ಉಳಿದರ್ಧ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ. ಆದ್ದರಿಂದ ‘ಇಂಥ ಪ್ರೋಟೀನ್‌ನ ರಚನೆಯನ್ನು ಕಂಪ್ಯೂಟರಿನಲ್ಲಿ ಊಹಿಸುತ್ತೇನೆ’ ಎಂಬಷ್ಟೇ ನಿಮ್ಮ ಪ್ರಸ್ತಾವವಾದರೆ ಅದು ಒಂದು ಮಧ್ಯಾಹ್ನಕ್ಕೆ ಮುಗಿಯುವ ಕೆಲಸ.

ಇನ್ನು ಉಳಿದ ಅರ್ಧಕ್ಕೆ ಬರೋಣ. ಕುಡುಗೋಲು ಕಣ ರಕ್ತಹೀನತೆ ನಿಮಗೆ ಪಠ್ಯದಿಂದಲೇ ಪರಿಚಿತ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದೊಂದು ಬದಲಾಗುತ್ತದೆ. ಗ್ಲುಟಾಮಿಕ್ ಆಮ್ಲ ಕೂತಿರಬೇಕಾದಲ್ಲಿ ವ್ಯಾಲೀನ್ ಬಂದು ಕೂರುತ್ತದೆ. ಒಂಟಿ ಅಣುವಿನ ಆಕಾರ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ಆದರೆ ಆಮ್ಲಜನಕವನ್ನು ಬಿಟ್ಟುಕೊಟ್ಟ ಅಣುಗಳು ಆ ಜಾಗದಲ್ಲಿ ಒಂದಕ್ಕೊಂದು ಅಂಟಿ, ಉದ್ದನೆಯ ನಾರುಗಳಾಗಿ, ಕೆಂಪು ರಕ್ತಕಣವನ್ನೇ ಬಾಗಿಸಿಬಿಡುತ್ತವೆ. ಎರಡೂ ಅಣುಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ರೋಗ ಕಾಣುವುದಿಲ್ಲ. 2023ರಲ್ಲಿ ಬಂದ ಆಲ್ಫಾಮಿಸ್ಸೆನ್ಸ್ ಎಂಬ ಕೃತಕ ಬುದ್ಧಿಮತ್ತೆ ಮನುಷ್ಯರ ಪ್ರೋಟೀನ್‌ಗಳಲ್ಲಿ ಸಾಧ್ಯವಿರುವ ಇಂಥ ಸುಮಾರು 7.1 ಕೋಟಿ ಬದಲಾವಣೆಗಳಿಗೆ ಅಪಾಯದ ಅಂಕ ಕೊಟ್ಟಿದೆ. ಅಂಕ ಕೊಡುತ್ತದೆ, ಕಾರಣ ಹೇಳುವುದಿಲ್ಲ. ಆ ಕಾರಣವನ್ನು ಹುಡುಕುವುದರಲ್ಲಿ ಎಷ್ಟೋ ಪಿಎಚ್.ಡಿ.ಗಳಿಗೆ ಜಾಗವಿದೆ.

ಇನ್ನು ಕೆಲವು ಪ್ರೋಟೀನ್‌ಗಳು ಒಂದು ಆಕಾರಕ್ಕೆ ನಿಲ್ಲುವುದೇ ಇಲ್ಲ. ಕ್ಯಾನ್ಸರ್ ತಡೆಯುವ ಪಿ53ರ ಆರಂಭದ ಭಾಗ ಸಡಿಲ ದಾರದಂತೆ ಇರುತ್ತದೆ, ಜೊತೆಗಾರ ಸಿಕ್ಕಾಗ ಮಾತ್ರ ರೂಪ ತಾಳುತ್ತದೆ. ನೀಲಿ ಹಸಿರು ಬ್ಯಾಕ್ಟೀರಿಯಾಗಳ ಜೈವಿಕ ಗಡಿಯಾರದಲ್ಲಿರುವ ಕೈಬಿ ಎಂಬ ಪ್ರೋಟೀನ್ ಎರಡು ಬೇರೆ ಬೇರೆ ಮಡಿಕೆಗಳ ನಡುವೆ ಬದಲಾಗುತ್ತಾ ಇರುತ್ತದೆ. ಆಲ್ಫಾಫೋಲ್ಡ್‌ನ ದತ್ತಸಂಚಯದಲ್ಲಿ ಕಿತ್ತಳೆ ಬಣ್ಣದ ಎಳೆಗಳು ಕಂಡರೆ, ‘ಈ ಭಾಗದ ಬಗ್ಗೆ ನನಗೆ ಭರವಸೆಯಿಲ್ಲ’ ಎಂದು ಯಂತ್ರವೇ ಹೇಳುತ್ತಿದೆ ಎಂದರ್ಥ. ವಿಷಯ ಹುಡುಕುವವರಿಗೆ ನನ್ನ ಸಲಹೆ: ಯಂತ್ರಕ್ಕೆ ಪೂರ್ತಿ ಭರವಸೆಯಿರುವ ಕಡುನೀಲಿಯನ್ನು ಮೆಚ್ಚಿ ಮುಂದೆ ಹೋಗಿ, ಕಿತ್ತಳೆಯ ಹತ್ತಿರ ನಿಲ್ಲಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಖ್ಯೆ 149. ಬದುಕಲು ಬೇಕಾದಷ್ಟೇ ಜೀನ್‌ಗಳನ್ನು ಉಳಿಸಿಕೊಂಡು 2016ರಲ್ಲಿ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾ ಕೋಶವನ್ನು ರೂಪಿಸಿದರು. ಅದರಲ್ಲಿದ್ದ ಜೀನ್‌ಗಳು 473. ಆ ಪೈಕಿ 149 ಏನು ಮಾಡುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲ! ತೆಗೆದರೆ ಕೋಶ ಸಾಯುತ್ತದೆ ಅಥವಾ ಸೊರಗುತ್ತದೆ, ಏಕೆ ಎಂದು ಮಾತ್ರ ತಿಳಿಯದು. ಆಮೇಲೆ ಆ ಪಟ್ಟಿ ಕೊಂಚ ಕರಗಿದೆ, ಖಾಲಿಯಾಗಿಲ್ಲ. ಅಷ್ಟು ಸರಳ ಕೋಶದ ಕಥೆಯೇ ಹೀಗೆ. ದತ್ತಸಂಚಯಗಳಲ್ಲಿ ಬಹುಪಾಲು ಪ್ರೋಟೀನ್‌ಗಳಿಗೆ ಅವುಗಳನ್ನು ಹೋಲುವ ಇನ್ನೊಂದರ ಕೆಲಸವನ್ನೇ ನಕಲು ಮಾಡಿ ಬರೆದಿರುತ್ತಾರೆ. ಮೂಲದಲ್ಲಿ ತಪ್ಪಿದ್ದರೆ ಗಾಳಿಸುದ್ದಿಯಂತೆ ಅದೂ ಹರಡುತ್ತದೆ.

ಈಗ ಪ್ರೋಗ್ರಾಮಿಂಗ್ ಬಗೆಗಿನ ನಿಮ್ಮ ಅಳುಕಿನ ವಿಷಯ. ಆಲ್ಫಾಫೋಲ್ಡ್ ಪಾಠ ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. ಪ್ರಯೋಗದಿಂದ ಪತ್ತೆಯಾದ ಏಳು ರಚನೆಗಳೊಂದಿಗೆ 1971ರಲ್ಲಿ ಶುರುವಾದ ಭಂಡಾರ ಅದು. ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್ ಹಿಮೋಗ್ಲೋಬಿನ್ ಒಂದರ ರಚನೆಗೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಜೀನ್ ಕ್ಲೋನ್ ಮಾಡಿ, ಪ್ರೋಟೀನ್ ಶುದ್ಧೀಕರಿಸಿ ಕೈ ಪಳಗಿರುವ ನೀವು ಹಿಂದುಳಿದವರೇನಲ್ಲ. ಊಹೆಗಳು ರಾಶಿ ಬಿದ್ದಿರುವ ಈ ಕಾಲದಲ್ಲಿ ಅವನ್ನು ಪರೀಕ್ಷಿಸಬಲ್ಲವರೇ ಕಡಿಮೆ. ಪೈಥಾನ್, ಲಿನಕ್ಸ್‌ನ ಕಮಾಂಡ್ ಲೈನ್ ಮತ್ತು ಸಂಖ್ಯಾಶಾಸ್ತ್ರದ ಅಡಿಪಾಯ, ಇಷ್ಟನ್ನು ದಿನವೂ ಕೂತರೆ ಆರು ತಿಂಗಳಲ್ಲಿ ಕೆಲಸಕ್ಕೆ ಬರುವಷ್ಟು ಕಲಿಯಬಹುದು. ಸಂಖ್ಯಾಶಾಸ್ತ್ರವನ್ನು ಮಾತ್ರ ದಯವಿಟ್ಟು ಕೊನೆಗೆ ತಳ್ಳಬೇಡಿ. ನಾನು ತಳ್ಳಿ ಪಶ್ಚಾತ್ತಾಪಪಟ್ಟಿದ್ದೇನೆ.

ಅವಕಾಶಗಳು ಸಾಮಾನ್ಯವಾಗಿ ಎರಡು ಬಗೆ. ಒಂದರಲ್ಲಿ ಸಂಸ್ಥೆ ಮೊದಲು ನಿಮ್ಮನ್ನು ಸೇರಿಸಿಕೊಳ್ಳುತ್ತದೆ, ನೀವು ಕೆಲವು ಪ್ರಯೋಗಾಲಯಗಳಲ್ಲಿ ಓಡಾಡಿ ಮಾರ್ಗದರ್ಶಕರನ್ನು ಆರಿಸಿಕೊಳ್ಳುತ್ತೀರಿ. ಇನ್ನೊಂದರಲ್ಲಿ ವಿಷಯ, ಮಾರ್ಗದರ್ಶಕ, ವೇತನ ಎಲ್ಲ ನಿಗದಿಯಾದ ಮೇಲೆಯೇ ಹುದ್ದೆಯ ಪ್ರಕಟಣೆ ಬರುತ್ತದೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ಜಾಲಗಳು ಎರಡನೆಯ ಬಗೆಯವು. ಅವುಗಳ ಒಂದು ನಿಯಮ ಹಲವರ ಕಣ್ಣು ತಪ್ಪುತ್ತದೆ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ಹುದ್ದೆಯಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿದ್ದರೆ ಅರ್ಹತೆಯಿಲ್ಲ. ವಿಷಯ ಇನ್ನೂ ಗಟ್ಟಿಯಾಗದ ನಿಮ್ಮಂಥವರಿಗೆ ಮೊದಲ ಬಗೆಯೇ ವಾಸಿ ಎಂದು ನನ್ನ ಎಣಿಕೆ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪ್ರೌಢಪ್ರಬಂಧಕ್ಕಾಗಿ ಕೈಯಾರೆ ಶುದ್ಧೀಕರಿಸಿದ ಯಾವುದಾದರೂ ಪ್ರೋಟೀನ್ ಆರಿಸಿಕೊಳ್ಳಿ. ಯೂನಿಪ್ರಾಟ್ ಎಂಬ ಪ್ರೋಟೀನ್ ದತ್ತಸಂಚಯದಲ್ಲಿ ಅದರ ಸರಣಿ ತೆಗೆಯಿರಿ, ಸರಣಿಗಳನ್ನು ಹೋಲಿಸುವ ಬ್ಲಾಸ್ಟ್‌ನಲ್ಲಿ ಅದರ ಬಂಧುಗಳನ್ನು ಹುಡುಕಿ, ಎಲ್ಲ ಬಂಧುಗಳಲ್ಲೂ ಬದಲಾಗದೆ ಉಳಿದ ಅಮೈನೋ ಆಮ್ಲಗಳು ಊಹಿತ ರಚನೆಯಲ್ಲಿ ಎಲ್ಲಿ ಗುಂಪುಗೂಡಿವೆ ನೋಡಿ. ಪ್ರಯೋಗಾಲಯದಲ್ಲಿ ನೀವು ಕಂಡದ್ದಕ್ಕೂ ಇದಕ್ಕೂ ತಾಳೆಯಾಗದ ಒಂದು ಸಂಗತಿ ಸಿಕ್ಕರೆ ಎರಡು ಪುಟ ಬರೆದು ಅರ್ಜಿಯ ಜೊತೆಗಿಡಿ. ಎಲ್ಲ ಸಾಧನಗಳೂ ಉಚಿತ.

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಬಹುದು, ಕೇಳಲೇಬೇಕು. ‘ನನ್ನ ಊಹೆಗಳನ್ನು ಪ್ರಯೋಗದಲ್ಲಿ ಪರೀಕ್ಷಿಸುವವರು ಯಾರು?’ ಎಂಬುದು ಮೊದಲನೆಯದಾಗಲಿ. ‘ನೀನೇ’ ಎಂದರೆ ಸಂತೋಷ, ಸಹಯೋಗಿಯ ಹೆಸರು ಹೇಳಿದರೂ ಸರಿ. ‘ಮುಂದೆ ನೋಡೋಣ’ ಎಂದರೆ ಎಚ್ಚರವಹಿಸಿ. ಶಿಷ್ಯವೇತನ ಎಷ್ಟು ವರ್ಷಕ್ಕೆ ಖಚಿತ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಅಲ್ಲಿಂದ ಪದವಿ ಪಡೆದು ಹೋದ ಒಬ್ಬಿಬ್ಬರಿಗೆ ಪತ್ರ ಬರೆದು, ಅವರಿಗೆ ಎಷ್ಟು ವರ್ಷ ಹಿಡಿಯಿತು ಎಂದು ವಿಚಾರಿಸಿ. ಪ್ರಕಟಣೆಯಲ್ಲಿ ಹೇಳಿದ ಅವಧಿಗೂ ಅವರ ಉತ್ತರಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನೋಡಿ ಆಮೇಲೆ ಸಹಿ ಹಾಕಿ.