ಮದುವೆ ಪತ್ರಿಕೆಯಲ್ಲಿ ಕಾಗುಣಿತ ತಪ್ಪಿದ್ದರೆ ಗ್ರೂಪಿನಲ್ಲೇ ಹೇಳಬಹುದಾ?

ಪ್ರಶ್ನೆ: ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಅಣ್ಣನ ಮಗಳ ಲಗ್ನಪತ್ರಿಕೆ ಬಂತು. ಅದರಲ್ಲಿ 'ಆರ್ಶೀವಾದ' ಎಂದು ಅಚ್ಚಾಗಿತ್ತು. ಒಬ್ಬರು ಅಲ್ಲೇ ತಿದ್ದಿದರು. ಇನ್ನೊಬ್ಬರು 'ಆರತಕ್ಷತೆ'ಯೂ ತಪ್ಪು ಎಂದರು. ಆಮೇಲೆ ಶುಭಾಶಯ ಹೇಳುವವರೇ ಇಲ್ಲ, ಬರೀ ವ್ಯಾಕರಣದ ಜಗಳ. ತಪ್ಪು ಕಂಡರೆ ಹೇಳಬೇಕಾ, ಸುಮ್ನೆ ಇರಬೇಕಾ?

ಉತ್ತರ: ಅಚ್ಚಿಗೆ ಹೋಗುವ ಮೊದಲಾದರೆ ಖಂಡಿತ ಹೇಳಿ. ಮನೆಯವರಿಗೆ ಫೋನ್ ಮಾಡಿ ಹೇಳಿ. ಅಚ್ಚಾದ ಮೇಲಾದರೆ, ಬರುವವರ ದಾರಿ ತಪ್ಪಿಸುವಂಥ ತಪ್ಪಿದ್ದರೆ ಮಾತ್ರ ಹೇಳಿ. ಪತ್ರಿಕೆಗೆ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಾಗಿದೆ. ಈಗ ಒಂದು ಅರ್ಕಾವತ್ತಿಗಾಗಿ ಹೆಣ್ಣಿನ ಅಪ್ಪನನ್ನು ನೆಂಟರೆಲ್ಲರ ಮುಂದೆ ನಿಲ್ಲಿಸಿದರೆ ಕನ್ನಡಕ್ಕೇನೂ ಲಾಭವಿಲ್ಲ.

ಆ 'ಆರ್ಶೀವಾದ' ತಪ್ಪು ನಿಜ. ಆದರೆ ಅದು ದಡ್ಡತನದ ತಪ್ಪಲ್ಲ. 'ಆಶೀರ್ವಾದ' ಎಂದು ಜೋರಾಗಿ ಹೇಳಿ ನೋಡಿ. ಕಿವಿಗೆ ಆ-ಶೀರ್-ವಾದ ಎಂದು ಕೇಳಿಸುತ್ತದೆ. 'ರ್' ಸದ್ದು 'ಶೀ'ಗೆ ಅಂಟಿಕೊಂಡಿದೆ. ಹಾಗಾಗಿ 'ಶೀ' ಬರೆದ ಕೂಡಲೇ ಕೈ ಅದರ ಪಕ್ಕ ಅರ್ಕಾವತ್ತು ಹಾಕಿಬಿಡುತ್ತದೆ. ನಮ್ಮ ಲಿಪಿಯ ಪದ್ಧತಿ ಬೇರೆ. ಅರ್ಕಾವತ್ತನ್ನು ಓದುವುದು ಮೊದಲು, ಬರೆಯುವುದು ಆಮೇಲೆ. ಮುಂದಿನ 'ವಾ' ಬರೆದು, ಅದರ ಬಲಕ್ಕೆ ಇಡಬೇಕು. ಉಳಿದ ಒತ್ತುಗಳು ಕೇಳಿದ ಕ್ರಮದಲ್ಲೇ ಬರುತ್ತವೆ, ಇದೊಂದು ಮಾತ್ರ ಹಿಂದುಮುಂದು. ಮೊಬೈಲಿನಲ್ಲಿ ಉಚ್ಚಾರದ ಕ್ರಮದಲ್ಲೇ 'ರ್', ಆಮೇಲೆ 'ವಾ' ಒತ್ತಿದರೆ ಅದು ತಾನಾಗಿ ಸರಿಯಾದ ಜಾಗದಲ್ಲಿ ಕೂರುತ್ತದೆ.

'ಹಾರ್ಧಿಕ', 'ಶುಭಾಷಯ', 'ಜೇಷ್ಠ ಪುತ್ರ' ಕೂಡ ತಪ್ಪೇ. ಹಾರ್ದಿಕ, ಶುಭಾಶಯ, ಜ್ಯೇಷ್ಠ ಎಂದಿರಬೇಕು. ಆದರೆ ಆಡುಮಾತಿನಲ್ಲಿ ದ-ಧ, ಶ-ಷ ಬೇರೆ ಮಾಡಿ ಹೇಳುವವರು ಎಷ್ಟು ಜನ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರಂತೂ ಮಹಾಪ್ರಾಣವನ್ನೇ ಕೈಬಿಟ್ಟು ಪುಸ್ತಕಗಳನ್ನು ಬರೆದರು. ಅದನ್ನು ಒಪ್ಪಬೇಕೆಂದಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ನಾಲಿಗೆಯಲ್ಲಿ ಇಲ್ಲದ್ದು ಬರಹದಲ್ಲಿ ತಪ್ಪಿಹೋದರೆ ಇಷ್ಟೊಂದು ನಗಬೇಡಿ, ಅಷ್ಟೇ.

ತಮಾಷೆ ಏನೆಂದರೆ, ಜಗಳ ಜಾಸ್ತಿ ನಡೆಯುವುದು ತಪ್ಪೇ ಅಲ್ಲದ ಮಾತುಗಳ ಮೇಲೆ. 'ಆರತಕ್ಷತೆ'ಯನ್ನೇ ತೆಗೆದುಕೊಳ್ಳಿ. ಆರತಿ, ಅಕ್ಷತೆ ಸೇರಿದರೆ ಯಣ್ ಸಂಧಿಯಾಗಿ 'ಆರತ್ಯಕ್ಷತೆ' ಆಗಬೇಕು ಎಂಬುದು ಕೆಲವರ ವಾದ. ಆದರೆ ಆರತಿ ಎಂಬುದು ಸಂಸ್ಕೃತದ 'ಆರಾತ್ರಿಕ' ಸವೆದು ಆದ ರೂಪ. ಅದಕ್ಕೆ ಕನ್ನಡದ ಲೋಪಸಂಧಿ ಸಾಕು. ಊರು, ಅಲ್ಲಿ ಸೇರಿ 'ಊರಲ್ಲಿ' ಆಗುತ್ತದಲ್ವಾ, ಹಾಗೆಯೇ ಆರತಕ್ಷತೆ. ದೀರ್ಘ ಎಳೆದು 'ಆರತಾಕ್ಷತೆ' ಎಂದು ಬರೆದರೆ ಮಾತ್ರ ತಪ್ಪು.

'ಅಭಿಜಿನ್ ಮುಹೂರ್ತ'ದ ಕಥೆಯೂ ಇದೇ. ನಕ್ಷತ್ರದ ಹೆಸರು ಅಭಿಜಿತ್, ಆದ್ದರಿಂದ 'ಅಭಿಜಿನ್' ತಪ್ಪು ಎನ್ನುತ್ತಾರೆ. ಮುಂದೆ 'ಮ' ಬಂದಾಗ 'ತ್' ಹೋಗಿ 'ನ್' ಆಗುವುದು ಸಂಧಿಯ ನಿಯಮವೇ. ಪುರೋಹಿತರು ಬರೆದುಕೊಟ್ಟದ್ದು ಸರಿಯಾಗೇ ಇದೆ.

'ಸಕುಟುಂಬ ಸಮೇತರಾಗಿ' ಎಂಬಲ್ಲಿ ಒಂದೇ ಅರ್ಥ ಎರಡು ಸಲ ಬಂದಿದೆ, ಒಪ್ಪೋಣ. 'ಸ' ಎಂದರೂ ಜೊತೆ, 'ಸಮೇತ' ಎಂದರೂ ಜೊತೆ. ಅದನ್ನು ಓದಿ ಯಾರೂ ಎರಡೆರಡು ಕುಟುಂಬ ಕರೆದುಕೊಂಡು ಬಂದಿಲ್ಲ, ಬಿಡಿ.

ಇಷ್ಟೆಲ್ಲ ಜಗಳದ ನಡುವೆ ವಾರ, ತಾರೀಖು ಹೊಂದುತ್ತವೆಯೇ ಎಂದು ಯಾರೂ ನೋಡಿರುವುದಿಲ್ಲ! ಬೆಳಗಿನ ಜಾವದ ಮುಹೂರ್ತವಾದರೆ ಇನ್ನೂ ಹುಷಾರಾಗಿ ನೋಡಬೇಕು. ಪಂಚಾಂಗದ ವಾರ ಶುರುವಾಗುವುದು ಸೂರ್ಯೋದಯಕ್ಕೆ, ಕ್ಯಾಲೆಂಡರಿನ ದಿನ ಬದಲಾಗುವುದು ರಾತ್ರಿ 12ಕ್ಕೆ. ಪಂಚಾಂಗದ ಪ್ರಕಾರ ಭಾನುವಾರದ ಕೊನೆಗೆ ಬರುವ 4.30ರ ಮುಹೂರ್ತ ನಮ್ಮ ನಿಮ್ಮ ಲೆಕ್ಕದಲ್ಲಿ ಸೋಮವಾರದ ನಸುಕು. ಪತ್ರಿಕೆಯಲ್ಲಿ ಸುಮ್ನೆ 'ಭಾನುವಾರ 4.30' ಎಂದಿದ್ದರೆ ದೂರದ ನೆಂಟರು ಒಂದು ದಿನ ಮೊದಲೇ ಬಂದು ಛತ್ರದ ಬಾಗಿಲು ಬಡಿಯುತ್ತಾರೆ. ಇಂಥದ್ದು ಕಂಡರೆ ಸಂಕೋಚ ಬೇಡ, ತಕ್ಷಣ ಹೇಳಿ. ಮನೆಯವರೇ ಗ್ರೂಪಿನಲ್ಲಿ ಸರಿಪಡಿಸಿ ಹಾಕಲಿ.

ಹೆಸರನ್ನೂ ಗಮನವಿಟ್ಟು ನೋಡಿ. ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಮುಂದೆ ಹೊರದೇಶದ ವೀಸಾಗೆ ಆ ನೋಂದಣಿ ಪತ್ರವೇ ಬೇಕಾಗಬಹುದು. ವಧೂವರರ ಹೆಸರು ಆಧಾರಿನಲ್ಲಿ ಒಂದು, ಪತ್ರಿಕೆಯಲ್ಲಿ ಇನ್ನೊಂದು ಇದ್ದರೆ ಸುಮ್ನೆ ಅಲೆದಾಟ. ಆದರೆ ಇಲ್ಲಿ ನಿಘಂಟು ಹಿಡಿದು ಕೂರಬೇಡಿ. ನಿಘಂಟಿನ ಪ್ರಕಾರ 'ಶ್ರುತಿ' ಸರಿ, 'ಶೃತಿ' ತಪ್ಪು. ಆದರೂ ಅಂಕಪಟ್ಟಿಯಲ್ಲಿ 'ಶೃತಿ' ಎಂದೇ ಇರುವ ಹುಡುಗಿಯರು ಊರೂರಲ್ಲೂ ಇದ್ದಾರೆ. ಅವಳು ತನ್ನ ಹೆಸರನ್ನು ಹೇಗೆ ಬರೆಯುತ್ತಾಳೋ ಪತ್ರಿಕೆಯಲ್ಲೂ ಹಾಗೇ ಇರಲಿ. ಕರಡು ಪ್ರತಿಯನ್ನು ಮೊದಲು ಅವಳ ಕೈಗೇ ಕೊಡಿ.